ಒಂದೇ ಊರು, ಮೂರು ಸರ್ಕಾರಿ ಪ್ರೌಢಶಾಲೆ: ಹೋಲಿಸುವುದು ಹೇಗೆ?

ನೀಲಿಶಾಯಿ:

ಮಗಳು ಮುಂದಿನ ವರ್ಷ ಪ್ರೌಢಶಾಲೆ ಸೇರಬೇಕು. ನಮ್ಮದು ಸಣ್ಣ ನಗರ, ಸರ್ಕಾರಿ ಪ್ರೌಢಶಾಲೆಗಳು ಮೂರೇ ಮೂರು. ಹೆಸರು ಬೇಡ, ಹಳೆಯದು, ನಡುವಿನದು, ಅಂಚಿನದು ಎಂದು ಕರೆಯುತ್ತೇನೆ. ಹಳೆಯದು ದೊಡ್ಡ ಶಾಲೆ. ಕಲ್ಲಿನ ಕಟ್ಟಡ, ಗೋಡೆಯ ತುಂಬ ಮೊದಲ ಸ್ಥಾನ ಪಡೆದವರ ಹೆಸರುಗಳು. ಅಂಚಿನದು ಊರು ಬೆಳೆಯುತ್ತಿರುವ ಕಡೆ ಇದೆ, ಚಿಕ್ಕದು. ನಡುವಿನದರ ಬಗ್ಗೆ ಹೇಳುವುದೇನೂ ಇಲ್ಲ. ಅದೂ ಒಂದು ಇದೆ.

ಕಳೆದ ವರ್ಷದ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಹಳೆಯದರಲ್ಲಿ ಶೇ. 91, ನಡುವಿನದರಲ್ಲಿ ಶೇ. 84, ಅಂಚಿನದರಲ್ಲಿ ಶೇ. 73. ಇಷ್ಟು ಸಾಲದೆಂದು ಹದಿನಾಲ್ಕು ಸಾಲಿನ ಒಂದು ಕೋಷ್ಟಕ ಮಾಡಿದ್ದೇನೆ. ಪ್ರಯೋಗಾಲಯ, ಆಟದ ಮೈದಾನ, ಕಂಪ್ಯೂಟರುಗಳ ಸಂಖ್ಯೆ, ಶಿಕ್ಷಕರ ಅನುಭವ, ಮನೆಯಿಂದ ದೂರ, ಹೀಗೆ ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಕೂಡಿದರೆ ಹಳೆಯದಕ್ಕೆ 108, ನಡುವಿನದಕ್ಕೆ 97, ಅಂಚಿನದಕ್ಕೆ 88. ಹೆಂಡತಿ ಕೋಷ್ಟಕ ನೋಡಿ, "ನೀವು ಶಾಲೆ ಹುಡುಕುತ್ತಿದ್ದೀರೋ, ಫ್ರಿಜ್ ಕೊಳ್ಳಲು ಹೊರಟಿದ್ದೀರೋ?" ಎಂದು ಕೇಳಿದಳು. ಅಂದಿನಿಂದ ಅನುಮಾನ ಹತ್ತಿದೆ. ಮಕ್ಕಳನ್ನು ಓದಿಸಿದವರು, ಪಾಠ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ನಾನು ಸರಿಯಾದದ್ದನ್ನು ಅಳೆಯುತ್ತಿದ್ದೇನೆಯೇ?

ಹಳೆವಿದ್ಯಾರ್ಥಿ:

ಹಳೆಯದಕ್ಕೆ ಸೇರಿಸಿ. ಊರಿಗೆ ಊರೇ ಅದರ ಬಾಗಿಲಲ್ಲಿ ಸಾಲು ನಿಲ್ಲುತ್ತಿದೆ ಎಂದರೆ ಊರಿನವರೆಲ್ಲ ದಡ್ಡರೇ? ತೇರ್ಗಡೆಯಲ್ಲಿ ಅಂಚಿನದಕ್ಕೂ ಅದಕ್ಕೂ ಹದಿನೆಂಟು ಶೇಕಡಾ ಅಂಶಗಳ ವ್ಯತ್ಯಾಸ ಕಣ್ಣ ಮುಂದಿದೆ. ಕೋಷ್ಟಕ ಬೇಕಿರಲಿಲ್ಲ.

ಅಂಕಗಣಿತ:

ಆ ಹದಿನೆಂಟು ಅಂಶಗಳು ಎಲ್ಲಿಂದ ಬಂದವು ಎಂಬುದೇ ಪ್ರಶ್ನೆ. ನಾನು ಮೂವತ್ತು ವರ್ಷ ಸಂಖ್ಯೆಗಳ ನಡುವೆಯೇ ಬದುಕಿದವನು, ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಬೆನ್ನಿಗೆ ಸರ್ಕಾರ ಒಂದು ಬೃಹತ್ ಸಮೀಕ್ಷೆ ನಡೆಸಿತು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅದರ ಮುಖ್ಯಸ್ಥರು. ಸುಮಾರು 4,000 ಶಾಲೆಗಳು, ಆರು ಲಕ್ಷಕ್ಕೂ ಹೆಚ್ಚು ಮಕ್ಕಳು. ಒಳ್ಳೆಯ ಕಟ್ಟಡ, ಪುಸ್ತಕ, ಪ್ರಯೋಗಾಲಯ ಇರುವ ಶಾಲೆಯ ಮಕ್ಕಳು ಅದರಿಂದಾಗಿಯೇ ಮುಂದಿರುತ್ತಾರೆ ಎಂದು ಎಲ್ಲರೂ ನಂಬಿದ್ದರು. 1966ರಲ್ಲಿ ಬಂದ ವರದಿ ಬೇರೆಯೇ ಹೇಳಿತು: ಮಕ್ಕಳ ಅಂಕಗಳ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ದೊಡ್ಡ ಕಾರಣ. ಆ ವರದಿಯ ಲೆಕ್ಕಾಚಾರದ ಬಗ್ಗೆ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ, ಆದರೆ ಆ ಮೂಲ ಮಾತನ್ನು ಯಾರಿಂದಲೂ ಅಳಿಸಲಾಗಿಲ್ಲ. ಹೀಗಿರುವಾಗ ಶೇ. 91 ಎಂಬ ಸಂಖ್ಯೆಯಲ್ಲಿ ಶಾಲೆ ಕಲಿಸಿದ್ದೆಷ್ಟು, ಮಗು ಮನೆಯಿಂದ ಹೊತ್ತು ತಂದದ್ದೆಷ್ಟು? ಆ ಸಂಖ್ಯೆ ಬಾಯಿ ಬಿಡುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಸಂಖ್ಯೆಗಳು ನನ್ನವೇ. ಎರಡು ಶಾಲೆಗಳು, ತಲಾ ನೂರು ಮಕ್ಕಳು. ಮೊದಲನೆಯದರಲ್ಲಿ ಮನೆಯಲ್ಲಿ ಓದಿನ ಆಸರೆ ಇರುವವರು 80, ಇಲ್ಲದವರು 20. ಆಸರೆ ಇರುವವರಲ್ಲಿ ಶೇ. 90, ಇಲ್ಲದವರಲ್ಲಿ ಶೇ. 40 ತೇರ್ಗಡೆ. ಒಟ್ಟು 72 ಕೂಡಿಸು 8, ಅಂದರೆ 80. ಎರಡನೆಯದರಲ್ಲಿ ಆಸರೆ ಇರುವವರು 40, ಇಲ್ಲದವರು 60. ಅಲ್ಲಿ ಕ್ರಮವಾಗಿ ಶೇ. 95 ಮತ್ತು ಶೇ. 60 ತೇರ್ಗಡೆ. 38 ಕೂಡಿಸು 36, ಒಟ್ಟು 74. ಫಲಕದ ಮೇಲೆ ಮೊದಲನೆಯ ಶಾಲೆ ಆರು ಅಂಶ ಮುಂದೆ. ಆದರೆ ನಿಮ್ಮ ಮಗು ಯಾವ ಗುಂಪಿಗೇ ಸೇರಿರಲಿ, ಎರಡನೆಯ ಶಾಲೆಯಲ್ಲಿಯೇ ಅದರ ಅವಕಾಶ ಹೆಚ್ಚು. ಇದರಲ್ಲಿ ಕಣ್ಕಟ್ಟು ಏನೂ ಇಲ್ಲ, ಬೇಕಿದ್ದರೆ ಮತ್ತೊಮ್ಮೆ ಕೂಡಿ ನೋಡಿ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರಿದೆ.

ಇನ್ನೊಂದು ಮಾತು. ಅಂಚಿನ ಶಾಲೆಯಲ್ಲಿ ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ?

ನೀಲಿಶಾಯಿ:

ಅರವತ್ತು. ಹಳೆಯದರಲ್ಲಿ ಮುನ್ನೂರರ ಹತ್ತಿರ.

ಅಂಕಗಣಿತ:

ಹಾಗಾದರೆ ಕೇಳಿ. ಅರವತ್ತರಲ್ಲಿ 44 ಮಂದಿ ತೇರ್ಗಡೆಯಾದರೆ ಶೇ. 73. ಇನ್ನು ನಾಲ್ಕೇ ಮಕ್ಕಳು ದಾಟಿದ್ದರೆ ಶೇ. 80. ನಾಲ್ಕು ಮಕ್ಕಳು! ಒಬ್ಬನಿಗೆ ಜ್ವರ, ಇನ್ನೊಬ್ಬಳ ಮನೆಯಲ್ಲಿ ಸಾವು, ಇಬ್ಬರು ಒಂದು ಪ್ರಶ್ನೆಯನ್ನು ತಪ್ಪಾಗಿ ಓದಿಕೊಂಡರು, ಅಷ್ಟಾದರೆ ಸಾಕು. ಅರವತ್ತು ಮಕ್ಕಳ ಶಾಲೆಯಲ್ಲಿ ಪಾಠದ ಗುಣಮಟ್ಟ ಕೂದಲೆಳೆಯಷ್ಟೂ ಬದಲಾಗದಿದ್ದರೂ ಫಲಿತಾಂಶ ವರ್ಷದಿಂದ ವರ್ಷಕ್ಕೆ ಐದಾರು ಅಂಶ ಅತ್ತಿತ್ತ ಸರಿಯುವುದು ಸಹಜ. ಮುನ್ನೂರು ಮಕ್ಕಳಿರುವ ಕಡೆ ಅದು ಎರಡು ಅಂಶಕ್ಕಿಂತ ಕಡಿಮೆ. ಅದಕ್ಕಾಗಿಯೇ ದೊಡ್ಡ ಶಾಲೆ ಸದಾ ಗಂಭೀರವಾಗಿ ನಿಂತಂತೆ ಕಾಣುತ್ತದೆ, ಚಿಕ್ಕ ಶಾಲೆ ಒಂದು ವರ್ಷ ಪತ್ರಿಕೆಯಲ್ಲಿ ಹೊಗಳಿಸಿಕೊಂಡು ಮರುವರ್ಷ ಬೈಸಿಕೊಳ್ಳುತ್ತದೆ. ಐದು ವರ್ಷದ ಫಲಿತಾಂಶ ತೆಗೆಸಿ, ಸರಾಸರಿ ನೋಡಿ.

ನೀಲಿಶಾಯಿ:

ತೆಗೆಸಿದೆ. ಅಂಚಿನದು: 78, 69, 82, 75, 73. ಹಳೆಯದು: 91, 90, 92, 91, 91. ನಡುವಿನದು: 80, 81, 83, 83, 84. ಅಂಚಿನದು 82 ತಂದ ವರ್ಷ ಊರಿನಲ್ಲಿ ಎಲ್ಲರೂ ಅದನ್ನು ಹೊಗಳುತ್ತಿದ್ದುದು ಈಗ ನೆನಪಾಗುತ್ತಿದೆ.

ಹಾಜರಿಪುಸ್ತಕ:

ನಾನು ನಿವೃತ್ತ ಶಿಕ್ಷಕಿ. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ, ಬೇರೆ ಊರಿನಲ್ಲಿ. ಅಂಕಗಣಿತ ಅವರು ಶೇಕಡಾವಾರು ಲೆಕ್ಕದ ಮೇಲ್ಭಾಗವನ್ನು ನೋಡಿದರು. ನಾನು ಕೆಳಭಾಗದ ಬಗ್ಗೆ ಹೇಳುತ್ತೇನೆ, ಏಕೆಂದರೆ ಆಟವೆಲ್ಲ ನಡೆಯುವುದು ಅಲ್ಲಿ.

ತೇರ್ಗಡೆಯಾದವರು ಶೇಕಡಾ ಎಷ್ಟು ಎಂದರೆ, ಯಾರಲ್ಲಿ ಶೇಕಡಾ? ಪರೀಕ್ಷೆಗೆ ಕುಳಿತವರಲ್ಲಿ. ಮೊದಲ ವರ್ಷ ಶಾಲೆಗೆ ಸೇರಿದವರಲ್ಲಿ ಎಂದು ಯಾರೂ ಬರೆಯುವುದಿಲ್ಲ. 120 ಮಕ್ಕಳು ಸೇರಿ, 84 ಮಂದಿ ಪರೀಕ್ಷೆಗೆ ಕುಳಿತು, 80 ಮಂದಿ ತೇರ್ಗಡೆಯಾದರೆ ಫಲಕದಲ್ಲಿ ಶೇ. 95. ಸೇರಿದವರ ಲೆಕ್ಕದಲ್ಲಿ ಅದು ಶೇ. 67. ಪಕ್ಕದ ಶಾಲೆಯಲ್ಲಿಯೂ 120 ಸೇರಿ, 112 ಕುಳಿತು, 95 ತೇರ್ಗಡೆಯಾದರೆ ಫಲಕದಲ್ಲಿ ಶೇ. 85, ಸೇರಿದವರ ಲೆಕ್ಕದಲ್ಲಿ ಶೇ. 79. ಯಾವುದು ಒಳ್ಳೆಯ ಶಾಲೆ?

ನಡುವೆ ಕಾಣೆಯಾದ 36 ಮಕ್ಕಳು ಎಲ್ಲಿ ಹೋದರು ಎಂದು ನನಗೆ ಗೊತ್ತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಪರೀಕ್ಷೆಯ ಹಿಂದಿನ ವರ್ಷ ಹಿಂದುಳಿದ ಮಕ್ಕಳ ಪೋಷಕರನ್ನು ಒಬ್ಬೊಬ್ಬರನ್ನಾಗಿ ಕರೆಸುತ್ತಿದ್ದರು. ಯಾರೂ ಗದರುತ್ತಿರಲಿಲ್ಲ. ಕುರ್ಚಿ ಕೊಟ್ಟು, ತುಂಬ ಮರ್ಯಾದೆಯಿಂದ, "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟವಾಗುತ್ತಿದೆ, ಬೇರೆ ಶಾಲೆಯಲ್ಲಾದರೆ ಆರಾಮವಾಗಿ ಓದಿಯಾನು" ಎನ್ನುತ್ತಿದ್ದರು. ವರ್ಗಾವಣೆ ಪತ್ರ ಮೇಜಿನ ಮೇಲೆ ಬರೆದು ಸಿದ್ಧವಾಗಿರುತ್ತಿತ್ತು. ಅಂತಹ ಎರಡು ಮೂರು ಪತ್ರಗಳನ್ನು ನನ್ನ ಕೈಯಿಂದಲೇ ಬರೆಸಿದ್ದಾರೆ. ಆ ವರ್ಷ ಶಾಲೆಗೆ ಬಹುಮಾನ ಬಂತು.

ಇದು ಒಂದು ಊರಿನ, ಒಂದು ದೇಶದ ಕಾಯಿಲೆಯಲ್ಲ. ಇಂಗ್ಲೆಂಡಿನಲ್ಲಿ 1992ರಿಂದ ಪ್ರೌಢಶಾಲೆಗಳ ಫಲಿತಾಂಶವನ್ನು ಪಟ್ಟಿ ಮಾಡಿ ಪ್ರಕಟಿಸತೊಡಗಿದರು. ಐದು ವಿಷಯಗಳಲ್ಲಿ ‘ಸಿ’ ಶ್ರೇಣಿಯನ್ನಾದರೂ ಪಡೆದವರು ಎಷ್ಟು ಮಂದಿ ಎಂಬುದೇ ಬಹುಕಾಲ ಮುಖ್ಯ ಅಳತೆ. ಪರಿಣಾಮ ಏನಾಯಿತು? ‘ಡಿ’ ಮತ್ತು ‘ಸಿ’ಯ ಗಡಿಯಲ್ಲಿ ನಿಂತ ಮಕ್ಕಳಿಗೆ ವಿಶೇಷ ಪಾಠ, ವಿಶೇಷ ಅಕ್ಕರೆ. ಬಹಳ ಹಿಂದೆ ಇದ್ದವರೂ ಬಹಳ ಮುಂದೆ ಇದ್ದವರೂ ಪಟ್ಟಿಗೆ ಉಪಯೋಗವಿಲ್ಲದವರು. ಕೊನೆಗೆ 2016ರಲ್ಲಿ ಅಳತೆಯನ್ನೇ ಬದಲಿಸಿದರು. ಪ್ರಾಥಮಿಕ ಹಂತದ ಕೊನೆಯಲ್ಲಿ ಮಗು ಎಲ್ಲಿತ್ತು, ಅಲ್ಲಿಂದ ಎಷ್ಟು ದೂರ ಬಂತು ಎಂದು ನೋಡುವ ಅಳತೆ ಅದು, ಹೆಸರು ‘ಪ್ರೋಗ್ರೆಸ್ 8’. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಆ ಪ್ರಾಥಮಿಕ ಪರೀಕ್ಷೆಗಳು ನಡೆಯಲಿಲ್ಲ, ಹೀಗಾಗಿ ಅದೇ ಮಕ್ಕಳು ಪ್ರೌಢಶಾಲೆ ಮುಗಿಸಿದಾಗ ಈ ಅಳತೆಯನ್ನು ಲೆಕ್ಕ ಹಾಕಲು ಆಗಲೇ ಇಲ್ಲ. ಹೊರಟ ಜಾಗ ಗೊತ್ತಿಲ್ಲದೆ ನಡೆದ ದೂರ ಹೇಳುವುದು ಹೇಗೆ? ಮಕ್ಕಳನ್ನು ಪಟ್ಟಿಯಿಂದ ಜಾರಿಸುವುದಕ್ಕಂತೂ ಅಲ್ಲಿ ‘ಆಫ್-ರೋಲಿಂಗ್’ ಎಂಬ ಹೆಸರೇ ಇದೆ, ಶಾಲಾ ತಪಾಸಣೆಯವರೂ ಅದನ್ನೇ ಬಳಸುತ್ತಾರೆ. ಹೆಸರು ಇಡುವಷ್ಟು ಸಾಮಾನ್ಯವಾಗಿಬಿಟ್ಟಿತ್ತು ಎಂದಾಯಿತು.

ನೀಲಿಶಾಯಿ ಅವರೇ, ನಿಮ್ಮ ಕೋಷ್ಟಕಕ್ಕೆ ಹದಿನೈದನೆಯ ಸಾಲು ಸೇರಿಸಿ: ಮೊದಲ ವರ್ಷ ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಕೊನೆಯ ಪರೀಕ್ಷೆಗೆ ಎಷ್ಟು ಮಂದಿ ಕುಳಿತರು? ಮೂರೂ ಶಾಲೆಗೆ ಹೋಗಿ ಇದೊಂದನ್ನೇ ಕೇಳಿ. ಉತ್ತರ ಎಷ್ಟು ಮುಖ್ಯವೋ, ಕೇಳಿದಾಗ ಅವರ ಮುಖ ಹೇಗಾಗುತ್ತದೆ ಎಂಬುದೂ ಅಷ್ಟೇ ಮುಖ್ಯ.

ಹಳೆವಿದ್ಯಾರ್ಥಿ:

ಇಷ್ಟೆಲ್ಲ ಹೇಳಿ ಕೊನೆಗೆ ಹಳೆಯ ಶಾಲೆ ಮೋಸದ ಶಾಲೆ ಎನ್ನುವಿರಾ? ಮೇಡಂ, ನಿಮ್ಮ ಅನುಭವ ನಿಮ್ಮದು. ನಾನು ಓದಿದ ಶಾಲೆಯನ್ನು ನೀವು ಕಂಡಿಲ್ಲ. ಅಲ್ಲಿ ನನ್ನ ಪಕ್ಕ ಕುಳಿತವನು ರಾತ್ರಿ ಹನ್ನೊಂದರವರೆಗೆ ಓದುತ್ತಿದ್ದ, ಹಾಗಾಗಿ ನಾನೂ ಓದಿದೆ. ಓದದೆ ಹೋದರೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ಯಾವ ಪ್ರಯೋಗಾಲಯದಲ್ಲಿ ಸಿಗುತ್ತದೆ? ಅಂಕಗಣಿತ ಅವರು ಹೇಳಿದ ಅದೇ ಕೋಲ್ಮನ್ ವರದಿಯಲ್ಲಿ ಸಹಪಾಠಿಗಳ ಹಿನ್ನೆಲೆಯೂ ಮಗುವಿನ ಓದಿಗೆ ತಾಗುತ್ತದೆ ಎಂಬ ಮಾತು ಇದೆ. ಅದನ್ನು ಅವರು ಬಿಟ್ಟುಬಿಟ್ಟರು.

ಅಂಕಗಣಿತ:

ಬಿಟ್ಟದ್ದು ನನ್ನ ತಪ್ಪು, ಆ ಮಾತು ವರದಿಯಲ್ಲಿ ಇದೆ. ಸಹಪಾಠಿಗಳ ಪ್ರಭಾವ ಸುಳ್ಳು ಎಂದು ನಾನು ಹೇಳಲಾರೆ. ಆದರೆ ಅದು ನಾವು ಅಂದುಕೊಂಡಷ್ಟು ಇದೆಯೇ ಎಂದು ಪರೀಕ್ಷಿಸಿದ ಒಂದು ಜಾಣ ಅಧ್ಯಯನವಿದೆ. ಬೋಸ್ಟನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ ಹೆಸರುವಾಸಿ ಸರ್ಕಾರಿ ಶಾಲೆಗಳಿವೆ. ಅವುಗಳಲ್ಲಿ ಬೋಸ್ಟನ್ ಲ್ಯಾಟಿನ್ ಶಾಲೆ 1635ರಷ್ಟು ಹಳೆಯದು, ಅದರ ಮುಂದೆ ನಮ್ಮ ಹಳೆಯ ಶಾಲೆ ನಿನ್ನೆ ಹುಟ್ಟಿದ ಕೂಸು. ಮೂವರು ಅರ್ಥಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು. ಪ್ರವೇಶದ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದ ಮಕ್ಕಳನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನೂ ಹೋಲಿಸಿದರು. ಒಂದೆರಡು ಅಂಕದ ಅಂತರ, ಹಾಗಾಗಿ ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ. ಒಂದು ಗುಂಪಿಗೆ ಹೆಸರುವಾಸಿ ಶಾಲೆ, ಜಾಣ ಸಹಪಾಠಿಗಳು. ಇನ್ನೊಂದಕ್ಕೆ ಸಾಮಾನ್ಯ ಶಾಲೆ. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮುಂದಿನ ವರ್ಷಗಳ ಪರೀಕ್ಷೆಗಳಲ್ಲಿ ಎರಡೂ ಗುಂಪಿನ ಅಂಕಗಳಿಗೆ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ಗೆರೆಯ ಆಚೆ ಈಚೆ ನಿಂತ ಮಕ್ಕಳ ಬಗ್ಗೆ ಮಾತ್ರ ಇದು ಖಚಿತವಾಗಿ ಹೇಳುತ್ತದೆ. ಮೊದಲ ಸ್ಥಾನದಲ್ಲಿದ್ದ ಮಗುವಿನ ಬಗ್ಗೆ ಅಲ್ಲ. ಸ್ನೇಹ, ಹುರುಪು, ಮುಂದೆ ಒದಗುವ ಪರಿಚಯಗಳು ಅಂಕಪಟ್ಟಿಯಲ್ಲಿ ಕಾಣುವುದೂ ಇಲ್ಲ. ಹಳೆವಿದ್ಯಾರ್ಥಿ ಅವರು ಹೇಳುವ ಆ ನಾಚಿಕೆಯನ್ನು ಯಾರೂ ಅಳೆದಿಲ್ಲ.

ಹಿಂದಿನಬೆಂಚು:

ನಾನು ಎರಡು ವರ್ಷದ ಹಿಂದೆ ಪ್ರೌಢಶಾಲೆ ಮುಗಿಸಿದವನು. ಮೊದಲ ಒಂದೂವರೆ ವರ್ಷ ಒಂದು ದೊಡ್ಡ ಹೆಸರಿನ ಶಾಲೆಯಲ್ಲಿ, ಆಮೇಲೆ ಹೆಸರೇ ಇಲ್ಲದ ಶಾಲೆಯಲ್ಲಿ. ದೊಡ್ಡವರೆಲ್ಲ ಇಷ್ಟು ಮಾತನಾಡಿದಿರಿ, ಶಾಲೆಯಲ್ಲಿ ದಿನವಿಡೀ ಕೂರುವವರು ನಾವು.

ಹಳೆವಿದ್ಯಾರ್ಥಿ ಸರ್, ನಾಚಿಕೆ ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ನಿಮಗೆ ಅದು ರಾತ್ರಿ ಓದಿಸಿತು. ನನಗೆ ಅದು ಕೈ ಎತ್ತದಂತೆ ಮಾಡಿತು. ಪ್ರಾಥಮಿಕ ಶಾಲೆಯಲ್ಲಿ ನಾನೇ ಗಣಿತದಲ್ಲಿ ಮುಂದು. ಅಲ್ಲಿ ಹೋದ ಮೇಲೆ ಅರುವತ್ತು ಮಂದಿಯ ತರಗತಿಯಲ್ಲಿ ನಲವತ್ತನೆಯವನು. ಶಿಕ್ಷಕರು ಮೊದಲ ಎರಡು ಸಾಲಿನತ್ತ ನೋಡಿ ಪಾಠ ಮಾಡುತ್ತಿದ್ದರು, ಅವರು ತಲೆಯಾಡಿಸಿದರೆ ಮುಂದಿನ ಅಧ್ಯಾಯ. ನನಗೆ ಗಣಿತ ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಎರಡನೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರು ನನ್ನ ಉತ್ತರ ಪತ್ರಿಕೆ ನೋಡಿ, "ಉತ್ತರ ತಪ್ಪು, ದಾರಿ ಸರಿ. ಮೂರನೆಯ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟಿದ್ದೀಯ" ಎಂದರು. ಒಂದೂವರೆ ವರ್ಷ ಯಾರೂ ಮೂರನೆಯ ಸಾಲನ್ನು ಓದಿರಲಿಲ್ಲ. ನಾನು ಈಗ ಓದುತ್ತಿರುವುದು ಗಣಿತ.

ಹಾಗೆಂದು ಎರಡನೆಯ ಶಾಲೆ ಸ್ವರ್ಗವಾಗಿರಲಿಲ್ಲ. ಭೌತಶಾಸ್ತ್ರಕ್ಕೆ ಐದು ತಿಂಗಳು ಶಿಕ್ಷಕರೇ ಇರಲಿಲ್ಲ. ಆ ಅವಧಿಯಲ್ಲಿ ಏನು ಕಲಿತೆ ಎಂದರೆ, ಸದ್ದು ಮಾಡದೆ ಕಾಗದದ ಚೆಂಡಿನಲ್ಲಿ ಆಡುವುದು.

ಹಾಜರಿಪುಸ್ತಕ:

ಮಗು, ನಿನ್ನ ಮೂರನೆಯ ಸಾಲಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನೂ ಎಷ್ಟೋ ಮಕ್ಕಳ ಮೂರನೆಯ ಸಾಲನ್ನು ಓದದೆ ಕೆಂಪು ಗೆರೆ ಎಳೆದಿದ್ದೇನೆ.

ನಿನಗೆ ಆದದ್ದನ್ನು ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಅಭ್ಯಾಸ ಮಾಡಿದ್ದಾರೆ. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ, ಬಹಳ ಜಾಣರ ನಡುವೆ ಕುಳಿತ ಮಗುವಿಗೆ ತನ್ನ ಓದಿನ ಬಗ್ಗೆ ನಂಬಿಕೆ ಕಡಿಮೆ ಇರುತ್ತದೆ. ನಾವು ಎತ್ತರವನ್ನು ಅಳೆಯುವುದು ಪಕ್ಕದವರ ಭುಜ ನೋಡಿಯೇ ಅಲ್ಲವೇ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಹತ್ತುವವನಿಗೆ ಮಾತ್ರ ಕಲ್ಲು ಕಾಣುತ್ತದೆ.

ಮೂರುಮಕ್ಕಳಮ್ಮ:

ನನ್ನ ಮೂವರು ಮಕ್ಕಳು ಮೂರು ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಓದಿದವರು. ವರ್ಗಾವಣೆಯ ನೌಕರಿ, ಏನು ಮಾಡುವುದು. ಈ ದೊಡ್ಡ ಚರ್ಚೆಯಲ್ಲಿ ಯಾರೂ ಕೇಳದ ಎರಡು ಮಾತು.

ಒಂದು, ಬೆಳಿಗ್ಗೆ ಎಷ್ಟು ಗಂಟೆಗೆ ಶಾಲೆ? ದೊಡ್ಡವನ ಶಾಲೆಗೆ ಒಂದು ಗಂಟೆಯ ಬಸ್ ಪ್ರಯಾಣ. ಏಳೂಕಾಲಿಗೆ ಮನೆ ಬಿಡಬೇಕಿತ್ತು. ಮೂರು ವರ್ಷ ಅವನು ನಿದ್ದೆಗಣ್ಣಿನಲ್ಲಿಯೇ ಓದಿದ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ಬೇಗ ಮಲಗು ಎಂದರೂ ನಿದ್ದೆ ಬರುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ ನಾನು ಬೈಯುವುದನ್ನು ನಿಲ್ಲಿಸಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಈ ವಯಸ್ಸಿನವರ ಶಾಲೆ ಎಂಟೂವರೆಗಿಂತ ಮೊದಲು ಆರಂಭವಾಗಬಾರದು ಎಂದಿತು. ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಗಳ ಸಮಯವನ್ನು 7:50ರಿಂದ 8:45ಕ್ಕೆ ಸರಿಸಿತು. ಎರಡು ಶಾಲೆಗಳ ಮಕ್ಕಳ ಮಣಿಕಟ್ಟಿಗೆ ಅಳತೆಯ ಪಟ್ಟಿ ಕಟ್ಟಿ ನೋಡಿದಾಗ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಾಗಿತ್ತು. ತಡವಾಗಿ ಎದ್ದರೆ ತಡವಾಗಿ ಮಲಗುತ್ತಾರೆ ಎಂದು ಹೆದರಿದವರ ಲೆಕ್ಕ ತಪ್ಪಿತು. ನೀಲಿಶಾಯಿ ಅವರ ಕೋಷ್ಟಕದಲ್ಲಿ ದೂರಕ್ಕೆ ಹತ್ತು ಅಂಕ, ಕಂಪ್ಯೂಟರಿಗೂ ಹತ್ತು ಅಂಕ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವ ಮಗುವಿಗೆ ಈ ಎರಡೂ ಸಮವೇ?

ಎರಡು, ಶೌಚಾಲಯ. ನಗಬೇಡಿ. ಮಗಳ ಶಾಲೆಯಲ್ಲಿ ಚಿಲಕವಿಲ್ಲದ ಬಾಗಿಲು. ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಅದೂ ತಲೆನೋವೆಂದು ವೈದ್ಯರಲ್ಲಿಗೆ ಹೋದಾಗ. ಆ ಶಾಲೆಯ ಫಲಿತಾಂಶ ಆ ವರ್ಷ ಜಿಲ್ಲೆಗೇ ಮೊದಲು.

ಹಳೆವಿದ್ಯಾರ್ಥಿ:

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಮೇಡಂ. ನಾವು ಹುಡುಗರು, ನಮಗೆ ಇದು ಹೊಳೆದೇ ಇರಲಿಲ್ಲ.

ನೀಲಿಶಾಯಿ:

ಒಂದು ಪ್ರಶ್ನೆ. ಅಂಚಿನ ಶಾಲೆಯಲ್ಲಿ ತರಗತಿಗೆ ಮೂವತ್ತು ಮಕ್ಕಳು, ಹಳೆಯದರಲ್ಲಿ ಐವತ್ತರ ಮೇಲೆ. ಮಕ್ಕಳು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದಾದರೂ ಖಚಿತ ತಾನೇ?

ಅಂಕಗಣಿತ:

ಅಷ್ಟೊಂದು ಖಚಿತವಲ್ಲ. ಈ ಬಗ್ಗೆ ಎಲ್ಲರೂ ಉದಾಹರಿಸುವುದು ಟೆನೆಸ್ಸೀ ರಾಜ್ಯದಲ್ಲಿ 1985ರಲ್ಲಿ ಆರಂಭವಾದ ಪ್ರಯೋಗವನ್ನು. 79 ಶಾಲೆಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ತರಗತಿಗೂ ಉಳಿದವರನ್ನು 22ರಿಂದ 25 ಮಕ್ಕಳ ತರಗತಿಗೂ ಹಾಕಿದರು. ಚಿಕ್ಕ ತರಗತಿಯ ಮಕ್ಕಳು ನಿಜಕ್ಕೂ ಮುಂದೆ ಬಂದರು. ಆದರೆ ಅವರು ಶಿಶುವಿಹಾರದಿಂದ ಮೂರನೆಯ ತರಗತಿಯವರೆಗಿನ ಪುಟಾಣಿಗಳು. ಹದಿನೈದು ವರ್ಷದವರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಕ್ಯಾಲಿಫೋರ್ನಿಯಾ 1996ರಲ್ಲಿ ಕೆಳಗಿನ ತರಗತಿಗಳನ್ನು ಇಪ್ಪತ್ತು ಮಕ್ಕಳಿಗೆ ಇಳಿಸಲು ಒಮ್ಮೆಲೇ ಮುಂದಾಯಿತು. ಅಷ್ಟು ತರಗತಿಗಳಿಗೆ ಅರ್ಹ ಶಿಕ್ಷಕರು ಸಿಗದೆ, ತರಬೇತಿ ಪೂರ್ಣಗೊಳ್ಳದವರನ್ನೂ ನೇಮಿಸಿಕೊಳ್ಳಬೇಕಾಯಿತು. ತರಗತಿಯಲ್ಲಿ ಮೂವತ್ತು ಮಂದಿಯೇ ಇದ್ದು, ಮುಂದೆ ನಿಲ್ಲುವ ಶಿಕ್ಷಕರೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಕಾಗದದ ಚೆಂಡಿನ ಹುಡುಗ ಈಗಾಗಲೇ ಹೇಳಿದ್ದಾನೆ.

ಹಾಜರಿಪುಸ್ತಕ:

ಶಾಲೆ ನೋಡಲು ಹೋಗುವುದಾದರೆ ಸಮಾರಂಭದ ದಿನ ಹೋಗಬೇಡಿ, ಅಂದು ಎಲ್ಲ ಶಾಲೆಯೂ ಮದುವೆಮನೆ. ಸಾಮಾನ್ಯ ದಿನ, ಮಧ್ಯಾಹ್ನದ ನಂತರದ ಮೊದಲ ಅವಧಿಯಲ್ಲಿ ಹೋಗಿ. ಖಾಲಿ ಹುದ್ದೆ ಎಷ್ಟು, ಯಾವ ವಿಷಯದ್ದು, ಎಂದಿನಿಂದ ಎಂದು ಕೇಳಿ. ಮುಖ್ಯೋಪಾಧ್ಯಾಯರು ಬಂದು ಎಷ್ಟು ವರ್ಷವಾಯಿತು, ಹೋಗುವುದು ಯಾವಾಗ ಎಂಬುದನ್ನೂ ಕೇಳಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಮಾತು ಶಾಲೆಗಳ ವಿಷಯದಲ್ಲಿ ಎಷ್ಟು ನಿಜ ಎಂಬುದನ್ನು ನಾನು ಎರಡು ಬಾರಿ ಕಂಡಿದ್ದೇನೆ.

ಎಲ್ಲಕ್ಕಿಂತ ಮೊದಲ ವರ್ಷದ ಮಕ್ಕಳನ್ನು ನೋಡಿ. ಎಲ್ಲರ ಕಣ್ಣೂ ಕೊನೆಯ ವರ್ಷದ ಪರೀಕ್ಷೆಯ ಮೇಲಿರುತ್ತದೆ, ಅಲ್ಲಿಗೆ ಬರುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಆ ನಗರದ ಸರ್ಕಾರಿ ಪ್ರೌಢಶಾಲೆಗಳ ಬಗ್ಗೆ ಪ್ರಕಟಿಸಿದ ವರದಿ ನನ್ನ ವೃತ್ತಿಯ ಕೊನೆಯ ವರ್ಷಗಳನ್ನೇ ಬದಲಿಸಿತು. ಮೊದಲ ವರ್ಷದ ಕೊನೆಗೆ ಹಳಿಯ ಮೇಲಿದ್ದ ಮಗು, ಅಂದರೆ ಸಾಕಷ್ಟು ವಿಷಯಗಳನ್ನು ಮುಗಿಸಿ, ಮುಖ್ಯ ವಿಷಯಗಳಲ್ಲಿ ಒಂದು ಅರ್ಧವರ್ಷಕ್ಕಿಂತ ಹೆಚ್ಚು ಅನುತ್ತೀರ್ಣವಾಗದ ಮಗು, ಹಳಿ ತಪ್ಪಿದ ಮಗುವಿಗಿಂತ ನಾಲ್ಕು ವರ್ಷದಲ್ಲಿ ಶಾಲೆ ಮುಗಿಸುವ ಸಾಧ್ಯತೆ ಮೂರೂವರೆ ಪಟ್ಟಿಗಿಂತ ಹೆಚ್ಚು. ಪ್ರೌಢಶಾಲೆಗೆ ಬರುವ ಮುನ್ನ ಆ ಮಗು ಪಡೆದ ಪರೀಕ್ಷಾ ಅಂಕಗಳಿಗಿಂತ ಇದೇ ಒಳ್ಳೆಯ ಮುನ್ಸೂಚನೆ. ಹಾಗಾದರೆ ಕೇಳಬೇಕಾದದ್ದು: ಮೊದಲ ವರ್ಷ ಒಂದು ವಿಷಯದಲ್ಲಿ ಹಿಂದೆ ಬಿದ್ದ ಮಗುವಿಗೆ ಮರುವಾರ ಏನು ಮಾಡುತ್ತೀರಿ? ಮರುವರ್ಷ ಅಲ್ಲ, ಮರುವಾರ. ಮೂರು ದಿನ ಬಾರದ ಮಗುವಿನ ಮನೆಗೆ ಯಾರು ಫೋನ್ ಮಾಡುತ್ತಾರೆ? ಅವರ ಹೆಸರು ಕೇಳಿ. ಹೆಸರು ಹೇಳಿದರೆ ಫೋನ್ ಹೋಗುತ್ತದೆ. ‘ನಾವು ಗಮನಿಸುತ್ತೇವೆ’ ಎಂದರೆ ಯಾರೂ ಮಾಡುವುದಿಲ್ಲ.

ನೀಲಿಶಾಯಿ:

ಮೂರು ವಾರವಾಯಿತು, ಮೂರೂ ಶಾಲೆಗೆ ಹೋಗಿ ಬಂದೆ. ಮಗಳನ್ನೂ ಕರೆದೊಯ್ದೆ.

ಹಳೆಯದು. ಸೇರಿದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು ಎಂದು ಕೇಳಿದೆ. ಕಚೇರಿಯಲ್ಲಿದ್ದವರು ನಗುತ್ತ, "ಅದೆಲ್ಲ ನಿಮಗೇಕೆ, ನಿಮ್ಮ ಮಗಳು ಜಾಣೆ ಅಲ್ಲವೇ?" ಎಂದರು. ಅಂಕಿ ಸಿಗಲಿಲ್ಲ. ಆದರೆ ಹಳೆವಿದ್ಯಾರ್ಥಿ ಅವರು ಹೇಳಿದ್ದೂ ಸುಳ್ಳಲ್ಲ. ಗ್ರಂಥಾಲಯದಲ್ಲಿ ಯಾರ ಕಾವಲೂ ಇಲ್ಲದೆ ಇಪ್ಪತ್ತು ಮಕ್ಕಳು ಓದುತ್ತಿದ್ದರು, ಒಬ್ಬಳು ಇನ್ನೊಬ್ಬಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಅದನ್ನು ನೋಡಿ ಆಸೆಯಾಯಿತು.

ಅಂಚಿನದು. ನಾನು ಮನಸ್ಸಿನಲ್ಲೇ ಇದನ್ನು ಆರಿಸಿಕೊಂಡು ಹೋಗಿದ್ದೆ. ಈ ಮಾತುಕತೆಯ ಪ್ರಭಾವ. ಮುಖ್ಯೋಪಾಧ್ಯಾಯಿನಿ ಎದ್ದು ಬಂದು ಶಾಲೆಯನ್ನೆಲ್ಲ ತೋರಿಸಿದರು. 66 ಮಂದಿ ಸೇರಿದ್ದರಂತೆ, 60 ಮಂದಿ ಪರೀಕ್ಷೆಗೆ ಕುಳಿತರು. ಉಳಿದ ಆರು ಮಂದಿಯ ವಿಷಯವನ್ನು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರು. ಬಿಟ್ಟ ಇಬ್ಬರು ಹುಡುಗರ ಮನೆಗೆ ತಾವೇ ಹೋಗಿ ಬಂದಿದ್ದಾರೆ. ಆದರೆ ಗಣಿತದ ಹುದ್ದೆ ನಾಲ್ಕು ತಿಂಗಳಿಂದ ಖಾಲಿ. ಅವರ ವರ್ಗಾವಣೆಯೂ ಈ ವರ್ಷವೇ. ಅವರು ಅದನ್ನು ಮುಚ್ಚಿಡಲಿಲ್ಲ, ನಾನು ಕೇಳುವ ಮೊದಲೇ ಹೇಳಿದರು. ಅಷ್ಟು ನೇರ ಮನುಷ್ಯರು ಹೊರಟುಹೋಗುವ ಶಾಲೆಗೆ ಮಗಳನ್ನು ಸೇರಿಸಲು ಧೈರ್ಯ ಸಾಲಲಿಲ್ಲ.

ನಡುವಿನದು. ಇಲ್ಲಿ ಯಾರೂ ಅದನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ನಾನೇ ಅದಕ್ಕೆ ಎರಡು ಸಾಲು ಕೊಟ್ಟಿರಲಿಲ್ಲ. 80, 81, 83, 83, 84 ಎಂಬ ಆ ಸಾಲನ್ನು ಬರೆದಾಗಲೂ ಗಮನಿಸಿರಲಿಲ್ಲ. ಹೋದಾಗ ಮುಖ್ಯೋಪಾಧ್ಯಾಯರು ಯಾವುದೋ ತರಗತಿಯಲ್ಲಿ ಪಾಠ ಮಾಡುತ್ತಿದ್ದರು, ಮುಕ್ಕಾಲು ಗಂಟೆ ಕಾಯಿಸಿದರು. ಬಂದವರು ಪ್ರಶ್ನೆ ಕೇಳಿದ ಕೂಡಲೇ ದಾಖಲಾತಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ನೀವೇ ಎಣಿಸಿಕೊಳ್ಳಿ, ನನಗೆ ಇನ್ನೊಂದು ಅವಧಿ ಇದೆ" ಎಂದು ಹೊರಟೇಹೋದರು. ಎಣಿಸಿದೆ. 140 ಸೇರಿದವರು, 131 ಕುಳಿತವರು. ಅಂಕಣದ ಬದಿಯಲ್ಲಿ ಪೆನ್ಸಿಲಿನಲ್ಲಿ ಚಿಕ್ಕ ಚಿಕ್ಕ ಟಿಪ್ಪಣಿ: ‘ತಂದೆಗೆ ಫೋನ್, ಮಂಗಳವಾರ’, ‘ಸೋಮವಾರದಿಂದ ಬರುತ್ತಾಳೆ’. ಶೌಚಾಲಯದ ಬಾಗಿಲಿಗೆ ಚಿಲಕ ಇದೆ ಎಂದು ಮಗಳು ಬಂದು ಹೇಳಿದಳು. ನಾನು ಹೇಳದೆಯೇ ನೋಡಿ ಬಂದಿದ್ದಳು, ಅಮ್ಮ ಹೇಳಿಕೊಟ್ಟಿರಬೇಕು.

ಮೈದಾನ ಚಿಕ್ಕದು, ಪ್ರಯೋಗಾಲಯಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ, ಈಗಲೂ ನಾಲ್ಕೇ. ಮಗಳ ಹೆಸರನ್ನು ಅಲ್ಲಿಯೇ ಬರೆಸಿದ್ದೇವೆ. ಕೋಷ್ಟಕವನ್ನು ಮತ್ತೆ ಕೂಡಲಿಲ್ಲ.

ಹಳೆವಿದ್ಯಾರ್ಥಿ:

ಒಳ್ಳೆಯದಾಗಲಿ. ಗ್ರಂಥಾಲಯದ ಆ ಮೂಲೆಯಲ್ಲಿಯೇ ನಾನೂ ಕೂರುತ್ತಿದ್ದೆ. ಸೇರಿದವರ ಅಂಕಿ ಕೊಡದೆ ಇದ್ದದ್ದು ಸರಿಯಲ್ಲ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಒಂದು ಪತ್ರ ಬರೆದು ಕೇಳುತ್ತೇನೆ.

ಹಾಜರಿಪುಸ್ತಕ:

ನೀಲಿಶಾಯಿ ಅವರೇ, ಅಂಚಿನ ಶಾಲೆಯ ಆ ಗಣಿತದ ಹುದ್ದೆ ತುಂಬಿದ ಸುದ್ದಿ ಗೊತ್ತಾದರೆ ದಯವಿಟ್ಟು ಇಲ್ಲಿ ಬರೆಯಿರಿ. ಮಗನ ಸಂಸಾರ ಈಗ ನಿಮ್ಮ ಊರಿನಲ್ಲಿಯೇ ಇದೆ. ಮೊಮ್ಮಗ ಹೋಗುತ್ತಿರುವುದು ಆ ಶಾಲೆಗೆ.